ಅಡ್ಡ ಕೊಯ್ದ ಕೊಳವೆ

"ಇಲ್ಲಿ ತಟ್ಟಿ ನೋಡು," ಎಂದು ತಂಗಿ ಸಣ್ಣ ಸುತ್ತಿಗೆಯನ್ನು ಅಣ್ಣನ ಕೈಗಿಟ್ಟಳು.

ಬಾಯ್ಲರ್ ಆರಿ ತಣ್ಣಗಾಗಿತ್ತು. ಊರಿನ ಕಸ ಸುಟ್ಟು ವಿದ್ಯುತ್ ತೆಗೆಯುವ ಆ ಸ್ಥಾವರದಲ್ಲಿ ವರ್ಷಕ್ಕೊಮ್ಮೆ ಬೆಂಕಿ ಆರಿಸಿ, ಒಳಗೆ ಅಟ್ಟಣಿಗೆ ಕಟ್ಟಿ, ಗೋಡೆಯುದ್ದಕ್ಕೂ ನಿಂತ ನೀರಿನ ಕೊಳವೆಗಳನ್ನು ತಪಾಸಣೆ ಮಾಡುತ್ತಿದ್ದರು. ಕಸದ ಹೊಗೆಯಲ್ಲಿರುವ ಕ್ಲೋರಿನ್ ಕಾದ ಉಕ್ಕನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ತಿನ್ನದಿರಲಿ ಎಂದು ಕೊಳವೆಗಳ ಮೇಲೆ ನಿಕ್ಕಲ್ ಬೆರೆತ ಲೋಹದ ಪುಡಿಯನ್ನು ಗನ್ನಿನಲ್ಲಿ ಕರಗಿಸಿ ಸಿಂಪಡಿಸುವುದು ಅಣ್ಣನ ಕೆಲಸ. ಆ ಲೇಪನ ಗಟ್ಟಿಯಾಗಿ ನಿಂತಿದೆಯೇ ಎಂದು ನೋಡುವುದು ತಂಗಿಯ ಕೆಲಸ. ಇಬ್ಬರಿಗೂ ಒಂದೇ ಕಡೆ ಕೆಲಸ ಸಿಕ್ಕಾಗ ಅಮ್ಮ ಹಿಗ್ಗಿದ್ದಳು. ಜಗಳವಾಡಲು ಹೊಸ ವಿಷಯ ಸಿಕ್ಕಿತೆಂದು ಅಪ್ಪ ನಕ್ಕಿದ್ದ.

ಅಣ್ಣ ತಟ್ಟುತ್ತ ಹೋದ. ಕೊಳವೆಗಳು ಟಣ್ಣೆಂದವು. ಮೂಲೆಗೆ ಬಂದಾಗ ಸದ್ದು ಮಂಕಾಯಿತು, ಒಡೆದ ಮಡಕೆಯನ್ನು ತಟ್ಟಿದಂತೆ.

"ಮೇಲೆ ನೋಡಿದ್ರೆ ಚೆನ್ನಾಗಿದೆಯಲ್ಲ," ಎಂದ. "ಹೋದ ವರ್ಷ ನಾನು ಹೊಡೆದ ಲೇಪನ ಎದ್ದು ಬರೋದಿಲ್ಲ ಕಣೆ."

"ಒಳಗೇನಾಗಿದೆ ಅಂತ ಗೊತ್ತಾ?"

"ನೀನು ಕೊಳವೆ ಕೊಯ್ದು ನೋಡೋಕೆ ಹೊರಟಿದ್ದೀಯ ಅಂತ ಮಾತ್ರ ಗೊತ್ತು."

ಅಟ್ಟಣಿಗೆಯ ಕೆಳಗೆ ನಿಂತು ಕೇಳುತ್ತಿದ್ದ ಸ್ಥಾವರದ ಮ್ಯಾನೇಜರು ಮುಖ ಸಿಂಡರಿಸಿದರು. "ಕಸದ ಲಾರಿಗಳು ಗೇಟಿನಾಚೆ ಸಾಲುಗಟ್ಟಿವೆ. ಚೆನ್ನಾಗಿ ಕಾಣ್ತಿರೋದನ್ನ ಕೊಯ್ದು ಯಾಕಮ್ಮ ತಲೆನೋವು?"

"ಬಾಯ್ಲರ್ ನಡೀತಿರುವಾಗ ಕೊಳವೆ ಒಡೆದ್ರೆ ಹಬೆ ಯಾರನ್ನೂ ಕೇಳ್ಕೊಂಡು ಬರಲ್ಲ ಸರ್."

ಅವರು ಅಣ್ಣನ ಕಡೆ ತಿರುಗಿದರು. "ನಿಮ್ಮದೇ ಕೆಲಸ. ನೀವೇನಂತೀರಿ?"

ಬೇಡ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಂಕು ಸದ್ದು ಅಣ್ಣನ ಕಿವಿಯಲ್ಲಿ ಕೂತುಬಿಟ್ಟಿತ್ತು. "ಕೊಯ್ಯಲಿ ಬಿಡಿ," ಎಂದ. "ನಂಗೂ ನೋಡ್ಬೇಕು."

ತಂಗಿ ಮೂಲೆಯ ಕೊಳವೆಯದೊಂದು, ಪಕ್ಕದ್ದೊಂದು ತುಂಡು ಕತ್ತರಿಸಿ, ಕೊಯ್ದ ಮೈಯನ್ನು ಕನ್ನಡಿಯಂತೆ ಉಜ್ಜಿ, ಅಣ್ಣನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಎಷ್ಟೋ ಬಾಯ್ಲರುಗಳಿಗೆ ಲೇಪನ ಹಚ್ಚಿದ್ದರೂ ಅವನು ಅದರ ಒಳಮೈ ಕಂಡಿರಲಿಲ್ಲ. ಬಣ್ಣ ಬಳಿದಂತೆ ಒಂದೇ ಪದರ ಇರುತ್ತದೆಂದುಕೊಂಡಿದ್ದ. ಇಲ್ಲಿ ನೋಡಿದರೆ ಚಪ್ಪಟೆಯಾದ ಹನಿಗಳು ಒಂದರ ಮೇಲೊಂದು ಮಲಗಿದ್ದವು, ನಡುನಡುವೆ ಕಪ್ಪು ಸಂದು.

"ಇವೆಲ್ಲ ನಾನು ಹೊಡೆದ ಹನಿಗಳಾ?"

"ಒಂದೊಂದೂ ನಿಂದೇ. ಆ ಸಂದಿನಲ್ಲೇ ಕ್ಲೋರಿನ್ ನುಸುಳಿ ಕೆಳಗಿನ ಉಕ್ಕು ತಿಂದಿದೆ. ಹೊಟ್ಟೆ ಖಾಲಿ, ಮುಖದಲ್ಲಿ ಮಾತ್ರ ಕಳೆ."

ಪಕ್ಕದ ಕೊಳವೆಯ ತುಂಡಿನಲ್ಲಿ ಹನಿಗಳು ಒತ್ತಾಗಿ ಕೂತಿದ್ದವು. ಅಣ್ಣ ಇದನ್ನು ನೋಡಿ ಅದನ್ನು ನೋಡಿದ, ಮತ್ತೆ ಇದನ್ನು. "ಅದೇ ಗನ್ನು, ಅದೇ ಪುಡಿ, ಅದೇ ಕೈ," ಎಂದು ಗೊಣಗಿದ. ಮೇಜಿನ ಮೇಲೆ ಟೀ ಆರಿಹೋಯಿತು. ಆಮೇಲೆ ಎದ್ದು, ಸೊಂಟ ಬಗ್ಗಿಸಿ, ಬರಿಗೈಯಲ್ಲೇ ಗನ್ ಹಿಡಿದಂತೆ ನಿಂತ.

"ನಾಲ್ಕೂ ಮೂಲೇಲಿ ಅಟ್ಟಣಿಗೆ ಕಂಬ ಅಡ್ಡ ಬರುತ್ತೆ. ನೇರ ಹೊಡೆಯೋಕಾಗಲ್ಲ, ಓರೆಯಾಗಿ ಹೊಡೀತೀನಿ. ಹನಿ ಜಾರ್ಕೊಂಡು ಬೀಳುತ್ತೇನೋ?"

"ಇರಬಹುದು. ಹಾಗೇ ಹೊಡೆದು ನೋಡೋಣ."

ಬೇಡದ ತುಂಡುಗಳಿಗೆ ಅವನು ನೇರವಾಗಿ, ಓರೆಯಾಗಿ, ಇನ್ನೂ ಓರೆಯಾಗಿ ಸಿಂಪಡಿಸಿ ಕೊಟ್ಟ. ಅವಳು ಕೊಯ್ದು ತೋರಿಸಿದಳು. ಗನ್ ಓರೆಯಾದಷ್ಟೂ ಸಂದು ಹೆಚ್ಚಿತ್ತು. ಮ್ಯಾನೇಜರು ನೇರ, ಓರೆ ಎರಡೂ ಬಗೆಯ ತುಂಡುಗಳನ್ನು ತಾವೇ ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ಕಂಬಗಳನ್ನು ಸರಿಸಲು ಹೇಳಿದರು. ನಾಲ್ಕೂ ಮೂಲೆಗಳ ಸವೆದ ಕೊಳವೆ ಬದಲಾಯಿಸಿ ಅಣ್ಣ ಮತ್ತೆ ಲೇಪನ ಹಚ್ಚಿದ. ಅಷ್ಟರಲ್ಲಿ ಲಾರಿಗಳ ವಾಸನೆ ಆಫೀಸಿನೊಳಗೆ ಬಂದಿತ್ತು. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಫೋನುಗಳಿಗೆ ಉತ್ತರ ಹೇಳಿದರು.

ಬಾಯ್ಲರಿಗೆ ಮತ್ತೆ ಬೆಂಕಿ ಹಚ್ಚಿದ ಮರುದಿನ ತಂಗಿ ಪ್ರಯೋಗಾಲಯದ ಬಾಗಿಲು ತೆರೆದಾಗ ಅಣ್ಣ ಆಗಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದ. ಮನೆಯ ಗೇಟಿನ ತುಕ್ಕು ಹಿಡಿದ ಚಿಲಕವನ್ನು ಬಿಚ್ಚಿ ತಂದು ಅದರ ಕೆಳಗಿಟ್ಟಿದ್ದ.

"ಬಾ, ಇದನ್ನ ನೋಡು," ಎಂದ, ಕಣ್ಣು ತೆಗೆಯದೆ. ಸ್ಟೂಲಿನ ಮೇಲೆ ಸ್ವಲ್ಪ ಸರಿದು ಅವಳಿಗೆ ಅರ್ಧ ಜಾಗ ಬಿಟ್ಟ.