ಹೊತ್ತವನ ಪಾಲಿನ ಟಾರ್ಟ್

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ದನಗಳು ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಇಳಿದು ಬಂದು ಮನೆಗಳ ಹಿಂದಿನ ಹುಲ್ಲು ಮೇಯುತ್ತಿದ್ದವು. ಕಣಿವೆಯವರೆಲ್ಲ ಆಲೂಗಡ್ಡೆ ಅಗೆಯುವ ಕೆಲಸಕ್ಕೆ ಬಿದ್ದಿದ್ದರು. ಗೋಡಿ ಮಾತ್ರ ಬೆಳಗಿನಿಂದ ನೆಲಮಾಳಿಗೆ ಬಿಟ್ಟು ಮೇಲೆ ಬಂದಿರಲಿಲ್ಲ. ಹಿಂದಿನ ದಿನ ಊರವರೆಲ್ಲ ಸೇರಿ ಚೀಟಿ ಎತ್ತಿ ಬೇಸಿಗೆಯ ಚೀಸ್ ಹಂಚಿಕೊಂಡಿದ್ದರು. ಅವನ ಹಸುಗಳ ಹಾಲಿಗೆ ತಕ್ಕಷ್ಟು ಚೀಸಿನ ಚಕ್ರಗಳು ಮನೆಗೆ ಬಂದಿದ್ದವು. ಉಪ್ಪುನೀರಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ತಿರುವಿ, ಹಲಗೆಯ ಮೇಲೆ ಇಡುತ್ತಿದ್ದ.

ಒಂದು ಚಕ್ರವನ್ನು ಮಾತ್ರ ಬೇರೆಯಾಗಿ ಇಟ್ಟಿದ್ದ. ಅದರ ಪಕ್ಕೆಯಲ್ಲಿ ಒತ್ತಿದ ತಾರೀಕು ಜುಲೈ ತಿಂಗಳದು. ಆಗ ಕಾವಲಿನ ಗುಡಿಸಲಲ್ಲಿ ಚೀಸ್ ಮಾಡುತ್ತಿದ್ದವಳು ಅವನ ಹೆಂಡತಿ ಬೆತ್ಲಿ. ಮಿಕ್ಕವೆಲ್ಲ ಅವಳು ತೀರಿಹೋದ ಮೇಲೆ, ಅಲ್ಲಿ ಅವಳ ಜೊತೆ ದುಡಿಯುತ್ತಿದ್ದ ಸೆವೆರಿನ್ ಮಾಡಿದವು. ಚೀಟಿಯಲ್ಲಿ ಅವಳ ಕೈಯದು ಒಂದೇ ಒಂದು ಇವನ ಪಾಲಿಗೆ ಬಿದ್ದಿತ್ತು.

"ಭಾವ, ಇನ್ನೆಷ್ಟು ಹೊತ್ತು ಒರೆಸ್ತೀರಿ? ಚೀಸಿನ ಚರ್ಮ ಕಿತ್ತು ಬಂದೀತು!" ಮೆಟ್ಟಿಲ ಮೇಲಿಂದ ಟ್ರೂಡಿ ಕೂಗಿದಳು. ಬೆತ್ಲಿಯ ತಂಗಿ. ಅಕ್ಕ ಸತ್ತ ಮೇಲೆ ದಿನಕ್ಕೊಮ್ಮೆ ಬಂದು ಭಾವನನ್ನು ಬೈದು, ಪಾತ್ರೆ ತೊಳೆದು ಹೋಗುತ್ತಿದ್ದಳು. ಇವತ್ತು ಅವಳ ಬುಟ್ಟಿಯಲ್ಲಿ ಈರುಳ್ಳಿ ಇತ್ತು.

"ಅದ್ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಾ? ಸೆವೆರಿನ್‌ಗೆ ಟಾರ್ಟ್ ಮಾಡಬೇಕಲ್ಲ."

ಗೋಡಿ ಬಟ್ಟೆ ಹಿಂಡಿದ. ಯಾರು ಒಂದು ಮನೆಯ ಹೊರೆಯನ್ನು ಬೆಟ್ಟದಿಂದ ಬೆನ್ನ ಮೇಲೆ ಹೊತ್ತು ಇಳಿಸುತ್ತಾನೋ ಅವನಿಗೆ ಆ ಮನೆಯವರು ಪಾಲಿಗೆ ಬಂದ ಚೀಸಿನಲ್ಲಿ ಎಲ್ಲಕ್ಕಿಂತ ಹಳೆಯದನ್ನು ಕತ್ತರಿಸಿ, ಹಿಟ್ಟಿನ ರೊಟ್ಟಿಯ ಮೇಲೆ ಈರುಳ್ಳಿಯ ಜೊತೆ ಹರಡಿ ಒಲೆಯಲ್ಲಿ ಬೇಯಿಸಿದ ಟಾರ್ಟ್ ಮಾಡಿ ಕೊಡಬೇಕು. ಕಣಿವೆಯಲ್ಲಿ ಇದನ್ನು ತಪ್ಪಿಸಿದವರಿರಲಿಲ್ಲ.

"ಈ ಸಲ ಬೆಟ್ಟದಿಂದ ಚೀಸ್ ಇಳಿಸಿದ್ದು ಹೊಸಾ ತಂತಿ ಮೇಲೆ ಓಡೋ ತೊಟ್ಟಿಲು," ಎಂದ ಗೋಡಿ. "ತಂತಿಗೆ ಟಾರ್ಟ್ ತಿನ್ನಿಸು, ಹೋಗು."

ಟ್ರೂಡಿ ಮೆಟ್ಟಿಲ ಮೇಲೆಯೇ ಕೂತಳು. "ತಂತಿ ಹಾಕಿದ್ದು ಆಗಸ್ಟ್ ಕೊನೇಲಿ. ಈ ವರ್ಷ ಬೆನ್ನ ಮೇಲೆ ಬಂದ ಹೊರೆ ಒಂದೇ, ಭಾವ. ಅದು ನಿಮ್ಮ ಮನೇದೇ."

ತಂತಿ ಹಾಕುವುದಕ್ಕೂ ಮೊದಲು ಒಂದು ಬೆಳಗ್ಗೆ, ಕಾವಲಿನ ಗುಡಿಸಲಲ್ಲಿ ಬೆತ್ಲಿಗೆ ಎದೆ ಹಿಡಿದುಕೊಂಡಿತ್ತು. ಬೆಟ್ಟಕ್ಕೆಲ್ಲ ಮಂಜು ಕವಿದು ಹೆಲಿಕಾಪ್ಟರ್ ಇಳಿಯಲಾರದೆ ವಾಪಸು ಹೋಯಿತು. ಸೆವೆರಿನ್ ಅವಳನ್ನು ಚೀಸ್ ಹೊರುವ ಮರದ ಚೌಕಟ್ಟಿಗೆ ಕಂಬಳಿ ಸುತ್ತಿ ಕಟ್ಟಿ, ಬೆನ್ನಿಗೇರಿಸಿ, ಕಡಿದಾದ ದಾರಿಯಲ್ಲಿ ಇಳಿದ. ರಸ್ತೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಅದಕ್ಕೆ ಕೆಲಸ ಉಳಿದಿರಲಿಲ್ಲ. ಮಣ್ಣು ಮಾಡುವಾಗ ಗೋಡಿ ಎಲ್ಲರೆದುರು ಸೆವೆರಿನ್‌ಗೆ ಒಂದೇ ಮಾತು ಅಂದಿದ್ದ: "ಸ್ವಲ್ಪ ಬೇಗ ಕಾಲು ಹಾಕೋಕಾಗ್ಲಿಲ್ವೇನೋ ನಿಂಗೆ?" ಆಮೇಲೆ ಇಬ್ಬರಿಗೂ ಮಾತಿಲ್ಲ.

"ಅಂಗಡಿ ಚೀಸ್ ಹಾಕಿ ಮಾಡಿಕೊಡು," ಎಂದ ಗೋಡಿ.

"ಅವನು ಚೀಸ್ ಮಾಡೋನು. ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ. ಮತ್ತೆ ನಾನು ಮಾಡಿಕೊಡೋ ಹಾಗೂ ಇಲ್ಲ. ಈ ಮನೆ ಕೈಯೇ ಆಗಬೇಕು."

"ಅದೊಂದೇ ಇರೋದು, ಟ್ರೂಡಿ."

"ಇಟ್ಕೊಂಡು ಏನು ಮಾಡ್ತೀರಿ? ಎರಡು ವರ್ಷಕ್ಕೆ ಕಲ್ಲಾಗುತ್ತೆ. ನೆಂಟರು ಬಂದಾಗ ತೋರಿಸ್ತೀರಾ?" ಅಷ್ಟಂದವಳೇ ಮುಖ ತಿರುಗಿಸಿ ಏಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಈರುಳ್ಳಿ ಖಾರ," ಎಂದಳು. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು.

ಮಧ್ಯಾಹ್ನ ಗೋಡಿ ಅಡುಗೆಮನೆಗೆ ಹೋದ. ಅವನಿಗೆ ಹುಲ್ಲು ಕೊಯ್ಯಲು ಗೊತ್ತು, ಹಸು ಈಯುವಾಗ ಕರು ಎಳೆಯಲು ಗೊತ್ತು. ಒಲೆಯ ಮುಂದೆ ನಿಂತು ಕಾಫಿಯಾಚೆ ಏನನ್ನೂ ಮಾಡಿದವನಲ್ಲ. ಟ್ರೂಡಿ ಮೇಜಿನಾಚೆ ಕೂತು ಕೈಕಟ್ಟಿಕೊಂಡೇ ಹೇಳಿಕೊಟ್ಟಳು. ಹಿಟ್ಟಿಗೆ ಬೆಣ್ಣೆ ಉದುರಿಸಿ ತಣ್ಣೀರು ಚಿಮುಕಿಸಿ ಕಲಸಿದ. "ನಾದಬೇಡಿ ಭಾವ! ದನಕ್ಕೆ ಬೂಸಾ ಕಲಸ್ತಿದೀರಾ?" ಈರುಳ್ಳಿಯನ್ನು ತೆಳ್ಳಗೆ ಹೆಚ್ಚಲು ಹೇಳಿದಳು, ಅವನು ಹೆಚ್ಚಿದ್ದು ಬೆರಳು ಗಾತ್ರ. ಅದನ್ನು ಸಣ್ಣ ಉರಿಯಲ್ಲಿ ಬೆಣ್ಣೆಯೊಳಗೆ ಗಾಜಿನಂತಾಗುವವರೆಗೂ ಬಾಡಿಸಿದ. ಮರದ ಚಮಚ ಆಡಿಸುತ್ತ ಆಡಿಸುತ್ತ ಅವನ ಕಣ್ಣಲ್ಲಿ ನೀರು ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಮೊಟ್ಟೆ, ಕೆನೆ, ಜಾಯಿಕಾಯಿ ತುರಿ ಸೇರಿಸಿದ್ದಾಯಿತು. ಈಗ ಉಳಿದದ್ದು ಚೀಸ್.

ಚಕ್ರವನ್ನು ಮೇಜಿನ ಮೇಲೆ ತಂದಿಟ್ಟ. ಎರಡು ಹಿಡಿಯ ಕತ್ತಿಯನ್ನು ಅದರ ನೆತ್ತಿಯ ಮೇಲಿಟ್ಟು ನಿಂತ. ಒಲೆಯ ಕಬ್ಬಿಣ ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಯಾರೋ ಟ್ರ್ಯಾಕ್ಟರ್ ತಿರುಗಿಸುತ್ತಿದ್ದರು.

"ಒಲೆ ಆರುತ್ತೆ," ಎಂದಳು ಟ್ರೂಡಿ ಮೆತ್ತಗೆ.

ಅವನು ಮೈಭಾರವನ್ನೆಲ್ಲ ಹಾಕಿ ಒತ್ತಿದ. ಚಕ್ರ ಸದ್ದಿಲ್ಲದೆ ಎರಡಾಯಿತು. ಒಳಗೆ ಹಳದಿ ತಿರುಳು ಒಂದು ಬಿರುಕೂ ಇಲ್ಲದೆ ಬಿಗಿಯಾಗಿ ಕೂತಿತ್ತು. ಗುಡಿಸಲ ಹೊಗೆಯ ವಾಸನೆ ಅಡುಗೆಮನೆಯಲ್ಲೆಲ್ಲ ಹರಡಿತು. ಬೇಸಿಗೆಯಲ್ಲಿ ಬೆಟ್ಟ ಇಳಿದು ಬಂದಾಗಲೆಲ್ಲ ಬೆತ್ಲಿಯ ಕೂದಲಲ್ಲಿರುತ್ತಿದ್ದ ವಾಸನೆ. ಗೋಡಿ ಕುರ್ಚಿ ಎಳೆದು ಕೂತ. ತುರಿಯುವ ಕೆಲಸ ಟ್ರೂಡಿಯೇ ಮಾಡಿದಳು. ಪದ್ಧತಿ ಕೆಟ್ಟಿತೆಂದು ಇಬ್ಬರೂ ಅನ್ನಲಿಲ್ಲ.

ಸಂಜೆ ಹಾಲು ಕರೆಯುವ ಹೊತ್ತಿಗೆ, ಬಿಸಿ ಟಾರ್ಟಿಗೆ ಬಟ್ಟೆ ಮುಚ್ಚಿಕೊಂಡು ಗೋಡಿ ಸೆವೆರಿನ್‌ನ ಕೊಟ್ಟಿಗೆಗೆ ಹೋದ. ಸೆವೆರಿನ್ ನಲವತ್ತರ ಆಸುಪಾಸಿನ ಒಂಟಿ ಮನುಷ್ಯ. ಬೆತ್ಲಿಯ ಜೊತೆ ಏಳೆಂಟು ಬೇಸಿಗೆ ಕಾವಲಿನಲ್ಲಿ ದುಡಿದವನು. ಹಸುವಿನ ಪಕ್ಕದಿಂದ ತಲೆಯೆತ್ತಿದ.

"ಏನು ಗೋಡಿ ಮಾಮ, ಬೈಯೋದು ಇನ್ನೂ ಉಳಿದಿತ್ತಾ?"

"ಕೈಯಲ್ಲಿ ತಟ್ಟೆ ಇದೆ, ಕಾಣಲ್ವಾ? ಕೈ ತೊಳ್ಕೊಂಡು ಬಾ."

ಸೆವೆರಿನ್ ತಟ್ಟೆಯನ್ನು ನೋಡಿದ, ಮಾಮನನ್ನು ನೋಡಿದ. ಕೈ ತೊಳೆದು ಬಂದು ಹುಲ್ಲಿನ ಕಂತೆಯ ಮೇಲೆ ಕೂತು ಒಂದು ತುಂಡು ಮುರಿದ.

"ತಳ ಹಸಿಯಾಗಿದೆ."

"ಗೊತ್ತು."

"ಉಪ್ಪೇ ಹಾಕಿಲ್ಲ."

"ಮರೆತೆ. ತಿನ್ನು ಸುಮ್ಮನೆ."

ಅಗಿಯುವುದನ್ನು ತಟ್ಟನೆ ನಿಲ್ಲಿಸಿದ. "ಇದು ಬೆತ್ಲಿ ಅತ್ತೇದು," ಎಂದ. "ಇದ್ಯಾಕೆ ಕತ್ತರಿಸಿದ್ರಿ ಮಾಮ?"

ಗೋಡಿ ಹಸುವಿನ ಬೆನ್ನು ಸವರಿದ. ಆಮೇಲೆ ಕೇಳಿದ, "ಭಾರ ಇದ್ಲಾ?"

"ಚೀಸಿನ ಹೊರೆಯಷ್ಟೂ ಇರ್ಲಿಲ್ಲ. ಬಾಯಿ ಮಾತ್ರ ಜೋರು. ದಾರಿಯುದ್ದಕ್ಕೂ ನಿಮ್ಮನ್ನ ಬೈತಾನೇ ಬಂದ್ರು. ಆ ಮನುಷ್ಯ ಕೋಳಿ ಒಳಗೆ ಸೇರಿಸಿರಲ್ಲ, ಅಂಗಿ ಬದಲಾಯಿಸಿರಲ್ಲ ಅಂತ." ಸೆವೆರಿನ್ ನಗಲು ನೋಡಿದ, ಆಗಲಿಲ್ಲ. "ಬೇಲಿ ಗೇಟು ದಾಟಿದ ಮೇಲೆ ಸದ್ದಿಲ್ಲ. ನಿದ್ದೆ ಹತ್ತಿತು ಅಂದ್ಕೊಂಡೆ. ಅಲುಗಾಡಿ ಎಚ್ಚರ ಆದೀತು ಅಂತ, ಅಲ್ಲಿಂದ ನಿಧಾನಕ್ಕೆ ನಡೆದೆ ಮಾಮ. ನೀವು ಅಂದಿದ್ದು ಸುಳ್ಳಲ್ಲ. ನಿಧಾನಕ್ಕೇ ನಡೆದೆ."

ಹಸು ಕಾಲು ಬದಲಿಸಿತು. ಗೋಡಿ ಬಗ್ಗಿ ತಟ್ಟೆಯಿಂದ ಒಂದು ಚೂರು ತೆಗೆದು ಬಾಯಿಗಿಟ್ಟುಕೊಂಡ. ಉಪ್ಪಿಲ್ಲದ ಈರುಳ್ಳಿಯ ಸಿಹಿಯ ಹಿಂದೆಯೇ ಅವಳ ಚೀಸ್ ಬಂತು, ಮೊದಲು ಚುರುಕು, ಆಮೇಲೆ ಬಹಳ ಹೊತ್ತು ಉಳಿಯುವಂಥದು.

"ಒಳ್ಳೇದು ಮಾಡ್ದೆ," ಎಂದ. "ಎದೆ ನೋವಿನಲ್ಲಿ ಅವಳಿಗೆ ಅಲುಗಾಟ ತಡ್ಕೊಳ್ಳೋಕಾಗ್ತಿರಲಿಲ್ಲ. ನಿಧಾನಕ್ಕೆ ನಡೆದಿದ್ದು ಒಳ್ಳೇದಾಯ್ತು."

ಸೆವೆರಿನ್ ತೋಳಿನಿಂದ ಮುಖ ಮುಚ್ಚಿಕೊಂಡ. ಗೋಡಿ ಅವನ ಬೆನ್ನ ಮೇಲೆ ಕೈಯಿಟ್ಟ. ಎಲ್ಲಿ ಇಡಬೇಕೆಂದು ತಿಳಿಯದೆ, ಚೌಕಟ್ಟು ಕೂರುವ ಜಾಗದಲ್ಲೇ ಇಟ್ಟ.

ಪದ್ಧತಿಯಂತೆ, ತಿಂದು ಮುಗಿಸಿದವನು ತಟ್ಟೆ ವಾಪಸು ಕೊಡುತ್ತ "ಹೊರೆ ಇಳೀತು" ಎನ್ನಬೇಕು. ಆಗಲೇ ಲೆಕ್ಕ ಮುಗಿದಂತೆ. ಸೆವೆರಿನ್ ತಟ್ಟೆ ಎತ್ತಿದ, ಬಾಯಿ ತೆರೆದ, ಮತ್ತೆ ಮಡಿಲಲ್ಲೇ ಇಟ್ಟುಕೊಂಡ.

"ಆ ಮಾತು ನನ್ನ ಬಾಯಲ್ಲಿ ಬರ್ತಿಲ್ಲ ಮಾಮ."

"ಬರೋದು ಬೇಡ," ಎಂದ ಗೋಡಿ. "ತಟ್ಟೆ ನಿನ್ನ ಹತ್ರಾನೇ ಇರ್ಲಿ."

ಹೊರಗೆ ಬಂದಾಗ ಬೆಟ್ಟದ ನೆತ್ತಿಯಲ್ಲಿ ಇನ್ನೂ ಬೆಳಕಿತ್ತು. ಕೋಳಿ ಸೇರಿಸಲು ಅವನು ಮನೆಯ ಕಡೆ ನಡೆದ.