ಶುಕ್ರವಾರದ ಕಾಫಿ

ಉಗಾಂಡಾದ ಕಂಪಾಲಾಕ್ಕೆ ಬಂದು ಏಳು ತಿಂಗಳಾದರೂ ಸೆಗೆನ್‌ಳನ್ನು ಒಬ್ಬರೂ ಕಾಫಿಗೆ ಕರೆದಿರಲಿಲ್ಲ. ಎರಿಟ್ರಿಯಾದವರಿಗೆ ಇದಕ್ಕಿಂತ ಅವಮಾನ ಬೇಕೆ? ಊರಲ್ಲಿದ್ದಾಗ ಬಾಗಿಲ ಮುಂದೆ ಹಾದುಹೋದವರನ್ನೂ ಕೂರಿಸಿ ಮೂರು ಸುತ್ತು ಕುಡಿಸದೆ ಬಿಡದ ಜನ ನಾವು. ಇಲ್ಲಿ ಕನ್ಸಂಗಾದ ಬೀದಿಯಲ್ಲಿ ಹತ್ತಿಪ್ಪತ್ತು ವರ್ಷದಿಂದ ಬೇರುಬಿಟ್ಟ ನಮ್ಮವರಿಗೇ ದಿನಾ ಬಸ್ಸಿಳಿದು ಬರುವ ಹೊಸಮುಖಗಳು ಸಾಕುಸಾಕಾಗಿದ್ದವು. ಭಾನುವಾರ ಪೂಜೆ ಮುಗಿದು, ಚರ್ಚಿನ ಅಂಗಳದಲ್ಲಿ ಅವರವರ ಊರಿನವರು ಗುಂಪುಕಟ್ಟಿ ಚಹಾ ಕುಡಿಯುವಾಗ ಸೆಗೆನ್ ಗೋಡೆಗೊರಗಿ, ಯಾರನ್ನೋ ಕಾಯುವವಳಂತೆ ಫೋನು ನೋಡುತ್ತಾ ನಿಂತಿರುತ್ತಿದ್ದಳು. ಯಾರನ್ನೂ ಕಾಯುತ್ತಿರಲಿಲ್ಲ, ಪಾಪ.

ಬೆಳಗಿನಿಂದ ಸಂಜೆವರೆಗೆ ಒಂದು ಹೋಟೆಲಿನ ಹಿತ್ತಲಲ್ಲಿ ಇಂಜೆರಾ ಎಂಬ ನಮ್ಮ ಹುಳಿದೋಸೆ ಹೊಯ್ಯುವ ಕೆಲಸ. ತಿಂಗಳಿಗೆರಡು ಸಲ ಊರು ಮೆಂದೆಫೆರಾದಿಂದ ತಾಯಿಯ ಫೋನು. ತಾಯಿ ಕೇಳುತ್ತಿದ್ದದ್ದು ಒಂದೇ: "ಯಾರಾದ್ರೂ ಕಾಫಿಗೆ ಕರೆದ್ರೇನೇ?" ಸುಳ್ಳು ಹೇಳಿ ಪಾರಾಗೋಣವೆಂದರೆ ಮುದುಕಿ ಬಿಡುವವಳಲ್ಲ. ಯಾರ ಮನೆ, ಯಾವೂರಿನವರು, ಕಾಫಿಯ ಜೊತೆಗೆ ಜೋಳದ ಅರಳು ಹುರಿದಿದ್ದರಾ ಎಂದೆಲ್ಲ ಕೆದಕಿ ಸುಳ್ಳನ್ನು ಹಿಡಿದೇಬಿಡುತ್ತಿದ್ದಳು. ಇನ್ನೂ ಇಲ್ಲಮ್ಮ ಎಂದರೆ ಆ ಕಡೆಯಿಂದ ನಿಟ್ಟುಸಿರು. "ನಿನ್ಗೆ ಅಲ್ಲಿ ನಾಕು ಜನ ಅಂತ ಆಗೋವರ್ಗೂ ನನ್ಗೆ ನಿದ್ದೆ ಹತ್ತಲ್ಲ ಕಣೇ."

ಹೀಗಿರುವಾಗ ಒಂದು ಶುಕ್ರವಾರ ಅಬ್ರೆಹೆತ್ ತಾನಾಗಿಯೇ ಹೋಟೆಲಿಗೆ ಬಂದಳು. ಚರ್ಚಿನ ಹೆಂಗಸರಿಗೆಲ್ಲ ಹಿರಿಯಳು; ಏಳು ತಿಂಗಳಲ್ಲಿ ಸೆಗೆನ್‌ಗೆ ಮುಖ ಕೊಟ್ಟು ಮಾತಾಡಿದವಳಲ್ಲ. ಸಂಜೆ ಮನೆಗೆ ಕಾಫಿಗೆ ಬಾ ಎಂದು ಕೈಹಿಡಿದು ಕರೆದಳು. ಮೂರೂ ಸುತ್ತು ಆಯಿತು. ಶನಿವಾರ ಇನ್ನೊಬ್ಬಳು ಕರೆದಳು. ಭಾನುವಾರ ಚರ್ಚಿನ ಹಿರಿಯ ಕಿದಾನೆಯ ಮಗಳ ಮದುವೆ. ಅಬ್ರೆಹೆತ್ ತನ್ನ ಬಿಳಿ ಉಡುಪನ್ನೇ ಉಡಿಸಿ ಕರೆದುಕೊಂಡು ಹೋದಳು. ಡೋಲಿನ ಸುತ್ತ ಭುಜ ಕುಣಿಸುತ್ತಾ ಸೆಗೆನ್ ಮೈಮರೆತು ಕುಣಿದಳು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ.

ಇದನ್ನು ಅಮ್ಮನಿಗೆ ಹೇಳಬೇಕಲ್ಲ! ಫೋನು ಮಾಡಿದರೆ ತಂಗಿ ಫೆರೂಜ್ ಎತ್ತಿದಳು. ಅಮ್ಮ ಮಂಡಿನೋವಿಗೆಂದು ಮಠದ ತೀರ್ಥಕ್ಕೆ ಹೋಗಿದ್ದಾಳೆ, ಅಲ್ಲಿ ಫೋನು ಸಿಗುವುದಿಲ್ಲ ಎಂದಳು. ಸೆಗೆನ್‌ಗೆ ಸಿಟ್ಟೇ ಬಂತು. ಹೇಳಲು ಏನೂ ಇಲ್ಲದಾಗ ಫೋನಿನ ಪಕ್ಕದಲ್ಲೇ ಕೂತಿರುವ ಮುದುಕಿಗೆ ಈಗಲೇ ತೀರ್ಥ ಬೇಕಾಯಿತೇ? ವಾರವಿಡೀ ಇಂಜೆರಾ ಹೊಯ್ಯುತ್ತಾ, ಯಾವುದನ್ನು ಮೊದಲು ಹೇಳಲಿ, ಕಾಫಿಯನ್ನೋ ಮದುವೆಯನ್ನೋ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಾಗಿಲು ಬಡಿದರು. ತೆರೆದರೆ ಹೊರಗೆ ಹದಿನೈದು ಜನ. ಮುಂದೆ ಅಬ್ರೆಹೆತ್, ಪಕ್ಕದಲ್ಲಿ ಕಿದಾನೆ, ಹಿಂದೆ ಪಾದ್ರಿ. ಅಯ್ಯೋ, ಇಷ್ಟು ಜನಕ್ಕೆ ನನ್ನಲ್ಲಿ ಲೋಟಗಳೆಲ್ಲಿವೆ ಎಂದು ಸೆಗೆನ್ ಒಂದು ಗಳಿಗೆ ಖುಷಿಯಿಂದಲೇ ಗಾಬರಿಯಾದಳು. ಆಮೇಲೆ ಹೆಂಗಸರ ಬಿಳಿ ಶಾಲುಗಳು ಕಣ್ಣಿಗೆ ಬಿದ್ದವು. ಬಣ್ಣದ ಅಂಚು ಎಂದಿನಂತೆ ಕೆಳಗಿರಲಿಲ್ಲ, ಎಲ್ಲರೂ ಅದು ಕೊರಳ ಸುತ್ತ ಬರುವಂತೆ ಹೊದ್ದಿದ್ದರು.

ಚಿಕ್ಕಂದಿನಲ್ಲಿ ತಾಯಿಯ ಜೊತೆ ಇಂಥ ಹೊತ್ತಿನಲ್ಲಿ, ಹೀಗೇ ಶಾಲು ಹೊದ್ದು, ಸಾವಿನ ಸುದ್ದಿ ಹೊತ್ತು ಎಷ್ಟು ಬಾಗಿಲಿಗೆ ಹೋಗಿರಲಿಲ್ಲ ಅವಳು! ನಮ್ಮಲ್ಲಿ ಸಾವನ್ನು ಮನೆಯವರಿಗೆ ಫೋನಿನಲ್ಲಿ ಹೇಳುವುದಿಲ್ಲ, ಒಂಟಿಯಾಗಿರುವವರಿಗಂತೂ ಹೇಳುವುದೇ ಇಲ್ಲ. ಸುದ್ದಿ ಮೊದಲು ನೆರೆಯವರಿಗೆ ಬರುತ್ತದೆ. ಅವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಜನ ಸೇರಿಸಿಕೊಂಡು ಬೆಳಗಿನ ಜಾವ ಬರುತ್ತಾರೆ.

"ಅಮ್ಮ ತಾನೇ?" ಎಂದಳು ಸೆಗೆನ್.

ಅಬ್ರೆಹೆತ್ ಹೌದೆಂದು ತಲೆಯಾಡಿಸಿದಳು. ಹೆಂಗಸರು ಗೊಳೋ ಎಂದು ಅಳತೊಡಗಿದರು. ಸೆಗೆನ್ ಅಳಲಿಲ್ಲ, ಯಾವತ್ತು ಎಂದು ಕೇಳಿದಳು. ಮೊನ್ನೆಯ ಗುರುವಾರ ಅಲ್ಲ, ಅದರ ಹಿಂದಿನ ಗುರುವಾರ ಎಂದ ಕಿದಾನೆ. ಫೆರೂಜ್ ಅವತ್ತೇ ತನಗೆ ಫೋನು ಮಾಡಿದ್ದಳೆಂದೂ ಹೇಳಿದ.

"ನಿನ್ಗೆ ಇಲ್ಲಿ ಯಾರೂ ಇಲ್ಲ ಅಂತ ಗೊತ್ತಿತ್ತು ಮಗಳೇ," ಎಂದಳು ಅಬ್ರೆಹೆತ್. "ಮೊದ್ಲು ನಾವು ನಿನ್ನವ್ರಾಗೋಣ, ಆಮೇಲೆ ಹೇಳೋಣ ಅಂದ್ಕೊಂಡ್ವಿ."

ಸೆಗೆನ್ ಬೆರಳು ಮಡಿಸುತ್ತಾ ದಿನ ಎಣಿಸುತ್ತಿದ್ದಳು.

"ಅಕ್ಕಾ, ನೀವು ಕಾಫಿಗೆ ಕರೆದದ್ದು ಶುಕ್ರವಾರ."

"ಹೂಂ ಕಣಮ್ಮ."

"ಅದಕ್ಕೆ ಎರಡು ದಿನ ಮುಂಚೆ, ಬುಧವಾರ ಅಮ್ಮ ಫೋನ್ ಮಾಡಿದ್ಲು. ಯಾರಾದ್ರೂ ಕರೆದ್ರಾ ಅಂದ್ಲು. ಇಲ್ಲ ಅಂದೆ."

ಅಬ್ರೆಹೆತ್ ಮುಂದೆ ಬಂದು ಸೆಗೆನ್‌ಳನ್ನು ತಬ್ಬಿ ಹಿಡಿದಳು. ಅವಳ ತೋಳನ್ನು ಸೆಗೆನ್ ಕೊಸರಿ ತಳ್ಳಿದಳು, ಎದೆಗೆ ಗುದ್ದಿದಳು. ಆಮೇಲೆ ಅವಳ ಹೆಗಲಿಗೇ ಮುಖ ಒತ್ತಿ, ಅಮ್ಮಾ ಅಮ್ಮಾ ಎಂದು ಅತ್ತಳು. ಆ ಊರಿನಲ್ಲಿ ಅವಳಿಗೆ ಇದ್ದವರು ಅವರೇ.