ಅಮಲ್ದಾರನ ಸುದ್ದಿ

“ಬಿಚ್ಚಕ್ಕೇ ಬತ್ತಿಲ್ಲ ಕಣೇ ದಾಸಿ, ಚರ್ಮಕ್ಕೆ ಕಚ್ಕೊಂಬುಟ್ಟೈತೆ.”

ಪಕ್ಕದ ಮನೆಯ ಮಾರಕ್ಕ ನರಸಯ್ಯನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿಗೆ ಮೂರು ಸುತ್ತು ಸುತ್ತಿದ್ದ ನಾಯಿಯ ಸರಪಳಿಯನ್ನು ಎಳೆಯುತ್ತಿದ್ದಳು. ಸತ್ತವನ ಕೈ ಮರಗಟ್ಟಿತ್ತು. ಕೊಬ್ಬರಿ ಎಣ್ಣೆ ಸವರಿ ಒಂದೊಂದೇ ಸುತ್ತು ಜಾರಿಸಿದ ಮೇಲೆ ಸರಪಳಿ ಬಿಟ್ಟುಕೊಂಡಿತು. ಅದರ ತುದಿಯಲ್ಲಿರಬೇಕಿದ್ದ ನಾಯಿ ಮಾತ್ರ ನಿನ್ನೆಯಿಂದ ಪತ್ತೆ ಇರಲಿಲ್ಲ. ಅದನ್ನು ಹುಡುಕಿಕೊಂಡೇ ನರಸಯ್ಯ ಬೆಳಗಿನ ಐದು ಗಂಟೆಗೆ ಮನೆ ಬಿಟ್ಟಿದ್ದ. ಆರೂವರೆಗೆ ಮಕ್ಬೂಲನ ರೇಷ್ಮೆ ಶೆಡ್ಡಿನ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

“ನಾಯ್ಗೋಳಿಗೆ ಮೊದ್ಲೇ ಗೊತ್ತಾಯ್ತದಂತೆ,” ಮಾರಕ್ಕ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಯಮನ್ನ ಕಂಡು ಓಡೋಗೈತೆ ಅದು. ಇಲ್ದಿದ್ರೆ ನರಸಣ್ಣನ್ನ ಬುಟ್ಟು ಆ ಅಮಲ್ದಾರ ನಾಯಿ ಹೋಗದು ಉಂಟಾ?”

ಸುತ್ತ ಕೂತಿದ್ದ ಹೆಂಗಸರು ಹೌದೌದು ಎಂದರು. ಗಂಡನ ತಲೆಯ ಬಳಿ ಕೂತಿದ್ದ ದಾಸಮ್ಮ ಅವನ ಹಣೆಯ ಮೇಲಿನ ನೊಣ ಓಡಿಸಿದಳು. ನಾಯಿ ಯಮನನ್ನೂ ಕಂಡಿರಲಿಲ್ಲ, ಓಡಿಯೂ ಹೋಗಿರಲಿಲ್ಲ. ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಗೋಣಿಚೀಲಕ್ಕೆ ತುಂಬಿಸಿ, ಸಾಬೀರನ ಆಟೊದಲ್ಲಿ ಸಾವನದುರ್ಗಕ್ಕೆ ಕಳಿಸಿದವಳು ಅವಳೇ. ಇದು ಆಟೊ ಸಾಬೀರನನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟುಕೊಂಡಿದ್ದ ಮಗ ಮುತ್ತುರಾಜು ಸುದ್ದಿ ತಿಳಿದ ಅರ್ಧ ಗಂಟೆಗೆ ಬಂದಿದ್ದ. ಬಂದಾಗಿನಿಂದ ಸುಮ್ಮನೆ ಕೂತಿರಲಿಲ್ಲ. ಚಟ್ಟದ ಬಿದಿರು, ಹೂವು, ಗುಂಡಿ ತೋಡುವವರು ಎಂದು ಓಡಾಡುತ್ತಲೇ ಇದ್ದ. ಈಗ ಒಳಗೆ ಬಂದವನು ಅವ್ವನ ಪಕ್ಕ ಕುಸಿದು ಕೂತ.

“ಎರಡೂವರೆಗೆ ಎತ್ತಣ ಅಂತವ್ರೆ ಅವ್ವ,” ಎಂದ. ಆಮೇಲೆ ಸರಪಳಿಯನ್ನು ಕೈಗೆತ್ತಿಕೊಂಡ. “ನೆನ್ನೆ ಸಾಯಂಕಾಲ ಅಪ್ಪ ಫೋನ್ ಮಾಡಿತ್ತು. ನಾಯಿ ಕಾಣ್ತಿಲ್ಲ, ಒಸಿ ಗಾಡಿ ತಕ್ಕೊಂಡು ಬತ್ತೀಯೇನ್ಲಾ ಅಂತು. ಒಂದು ನಾಯಿಗೆ ಯಾಕಪ್ಪ ಇಷ್ಟು ಆಡ್ತೀಯ ಅಂದ್ಬುಟ್ಟು ಕಟ್ ಮಾಡ್ದೆ. ನಾನ್ ಬಂದಿದ್ರೆ ಅಪ್ಪ ನಡ್ಕೊಂಡು ಅಲೀತಿರ್ಲಿಲ್ಲ. ನಾನೇ ಕೊಂದಂಗಾಯ್ತು.”

“ಬುಡ್ತು ಅನ್ನು,” ಎಂದಳು ಮಾರಕ್ಕ. ದಾಸಮ್ಮ ಮಗನ ಬೆನ್ನ ಮೇಲೆ ಕೈಯಿಡಲು ಹೋಗಿ ಹಿಂದಕ್ಕೆ ತೆಗೆದುಕೊಂಡಳು.

*

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನರಸಯ್ಯ ಮೂವತ್ತೊಂದು ವರ್ಷ ತೂಕ ಹಾಕಿದವನು. ದಿನವಿಡೀ ಅಲ್ಲಿ ಕೂಗಿ ಕೂಗಿ, ಮನೆಗೆ ಬರುವ ಹೊತ್ತಿಗೆ ಅವನ ಮಾತೆಲ್ಲ ಖರ್ಚಾಗಿರುತ್ತಿತ್ತು. ಊಟಕ್ಕೆ ಬಾ ಎಂದರೆ ಬರುವನು, ಉಪ್ಪು ಕಮ್ಮಿಯೇ ಎಂದರೆ ಹೂಂ ಎನ್ನುವನು. ಗಂಡಸರೆಂದರೆ ಇಷ್ಟೇ ಇರಬೇಕು ಎಂದು ದಾಸಮ್ಮ ಅದಕ್ಕೆ ಹೊಂದಿಕೊಂಡಿದ್ದಳು. ಕೆಲಸದಿಂದ ನಿವೃತ್ತನಾದ ಮೇಲಾದರೂ ಮಾತಾಡಿಯಾನು ಎಂಬ ಸಣ್ಣ ಆಸೆಯೊಂದು ಇತ್ತು. ಅವನು ಮೂರು ತಿಂಗಳು ಜಗಲಿಯ ಮೇಲೆ ಗೋಡೆಗೊರಗಿ ಕೂತ, ಅಷ್ಟೆ.

ಆಮೇಲೆ ಬಂತು ಆ ನಾಯಿ. ಮಕ್ಬೂಲನ ಶೆಡ್ಡಿನ ಹಿಂದೆ, ನೂಲು ಬಿಚ್ಚಿದ ಮೇಲೆ ಎಸೆಯುವ ಬೆಂದ ಹುಳುಗಳನ್ನು ತಿಂದು ಬೆಳೆದ ಕಂದು ನಾಯಿ. ಅದರ ಒಂದು ಕಿವಿ ನಿಂತರೆ ಇನ್ನೊಂದು ಬಿದ್ದಿರುತ್ತಿತ್ತು. ಒಂದು ದಿನ ನರಸಯ್ಯನ ಹಿಂದೆ ಬಂದದ್ದು ವಾಪಸು ಹೋಗಲಿಲ್ಲ. ಬೀದಿಯಲ್ಲಿ ಪ್ರತಿ ಮನೆಯ ಮುಂದೆ ನಿಂತು, ಬಾಗಿಲೊಳಗೆ ಇಣುಕಿ, ಎಲ್ಲ ಸರಿಯಿದೆ ಎಂಬಂತೆ ಮುಂದಕ್ಕೆ ಹೋಗುತ್ತಿತ್ತು. ಹಳೇ ಕಾಲದ ಅಮಲ್ದಾರರು ಊರು ತಪಾಸಣೆಗೆ ಬಂದ ಹಾಗೆ ಎಂದು ನರಸಯ್ಯನೇ ಆ ಹೆಸರಿಟ್ಟ.

ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಕಾಲ್ನಡಿಗೆಯಲ್ಲೇ ಮುಗಿಯುವ ಊರು. ಟೀ ಅಂಗಡಿ, ಹೂವಿನವಳು, ರೇಷ್ಮೆ ಶೆಡ್ಡುಗಳ ಗಲ್ಲಿ, ಅರ್ಕಾವತಿಯ ಸೇತುವೆ, ಅಲ್ಲಿಂದ ಹಿಂದಕ್ಕೆ. ಒಂದೂವರೆ ಗಂಟೆಯ ದಾರಿಗೆ ಅವರಿಬ್ಬರಿಗೂ ಎರಡೂವರೆ ಗಂಟೆ ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ದಾಸಮ್ಮ ಒಳಗೆ ಮುದ್ದೆ ತೊಳಸುತ್ತಿದ್ದಳು. “ಇವತ್ತು ಬಿಸ್ಲು ಜಾಸ್ತಿ ಅಲ್ವಾ?” ಎಂದ ಗಂಡನ ದನಿ ಜಗಲಿಯಿಂದ ಕೇಳಿತು. ಎಷ್ಟೋ ವರ್ಷಗಳ ಮೇಲೆ ತಾನಾಗಿ ಆಡಿದ ಮಾತು. ಅವಳು ಕೈಗಂಟಿದ ಹಿಟ್ಟಿನಲ್ಲೇ ಓಡಿ ಬಂದು, “ಹೂಂ ಕಣ್ರೀ, ಮಳೆ ಬರಬೋದು,” ಎಂದಳು.

“ನಿಂಗಲ್ಲ ಕಣೇ,” ಎಂದ ನರಸಯ್ಯ, ನಾಯಿಯ ಕಿವಿ ಕೆರೆಯುತ್ತ.

ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಎಂದರೆ ಜನ ನಕ್ಕಾರು. ಆದರೆ ದಾಸಮ್ಮನ ಹೊಟ್ಟೆಯಲ್ಲಿ ಅವತ್ತಿನಿಂದ ಉರಿದದ್ದು ಅದೇ.

*

ಹನ್ನೆರಡರ ಹೊತ್ತಿಗೆ ಮಕ್ಬೂಲ್ ಶೆಡ್ಡು ಮುಚ್ಚಿ ಬಂದ. ಅವನ ಬೆರಳುಗಳು ಗೂಡು ಬೇಯಿಸುವ ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಬಾಗಿಲ ಬಳಿ ನಿಂತು ಹೆಣಕ್ಕೆ ಕೈಮುಗಿದು, ದಾಸಮ್ಮನ ಎದುರು ಕುಕ್ಕರಗಾಲಲ್ಲಿ ಕೂತ.

“ನೆನ್ನೆ ನಾಕು ಸಲ ಬಂದಿದ್ರು ಅಕ್ಕಾ. ಬಾಯ್ಲರ್ ಹಿಂದೆ ಎಲ್ಲಾ ಬಗ್ಗಿ ನೋಡಿದ್ರು. ಕೂತ್ಕೊಳ್ಳಿ ಅಂದ್ರೆ ಕೂರ್ಲಿಲ್ಲ. ದಿನಾ ಹಂಗಲ್ಲ, ಬಂದ್ರೆ ಅರ್ಧ ಗಂಟೆ ಮಾತಾಡೋರು. ನಿಮ್ಮ ಸುದ್ದಿ ಬಿಟ್ರೆ ಬೇರೆ ಸುದ್ದೀನೇ ಇಲ್ಲ ಅವರ ಬಾಯಲ್ಲಿ.”

“ನನ್ ಸುದ್ದಿಯಾ?” ದಾಸಮ್ಮ ಮೊದಲ ಬಾರಿಗೆ ತಲೆಯೆತ್ತಿದಳು.

“ಹೂಂ. ದಾಸಮ್ಮಂಗೆ ಮಂಡಿ ನೋವು, ಹಿತ್ತಲ ಮೆಟ್ಲು ಒಡೆದು ಇಳಿಜಾರು ಮಾಡಿಸ್ಬೇಕು ಮಕ್ಬೂಲು ಅನ್ನೋರು. ದಾಸಮ್ಮ ಬೆಳ್ಳುಳ್ಳಿ ಖಾರ ಅರೆದ್ರೆ ಬೀದಿಗೆಲ್ಲ ಗಮ್ ಅಂತೈತೆ ಅನ್ನೋರು. ಮನೇಲಿ ಅಕ್ಕಂಗೂ ಇದನ್ನ ಹೇಳಿ ಅಂತ ನಾನೇ ಒಂದ್ಸಲ ಅಂದೆ. ಅವಳ ಮುಂದೆ ಬಾಯೇ ಬರಾಕಿಲ್ಲ ಕಣೋ, ಅದಕ್ಕೇ ನಾಯಿಗೆ ಹೇಳಿ ಹೇಳಿ ರೂಢಿ ಮಾಡ್ಕೊತಾ ಇವ್ನಿ ಅಂದು ನಕ್ರು.”

ಹೇಳಿದವನಿಗೆ ಸಮಾಧಾನ ಹೇಳಿದೆ ಎಂಬ ಭಾವ. ಕೇಳಿದವಳಿಗೆ ಎದೆಯ ಮೇಲೆ ಚಪ್ಪಡಿ ಎಳೆದ ಹಾಗಾಯಿತು. ಅವಳು ಗಂಡನ ಮುಖ ನೋಡಿದಳು. ಗದ್ದಕ್ಕೆ ಬಟ್ಟೆ ಕಟ್ಟಿ ಬಾಯಿ ಮುಚ್ಚಿಸಿದ್ದರು.

*

ನಿನ್ನೆ ನರಸಯ್ಯ ಪಿಂಚಣಿ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದ. ದಾಸಮ್ಮ ಸಾಬೀರನನ್ನು ಕರೆಸಿದಳು.

“ಯಜಮಾನ್ರಿಗೆ ಗೊತ್ತಾ ಅಮ್ಮ?” ಎಂದು ಅವನು ಕೇಳಿದ್ದ.

“ಗೊತ್ತು. ಹೋದ ತಿಂಗಳು ಇದು ಎಳೆದು ಅವರು ಬಿದ್ದಿದ್ದು ನೋಡಿಲ್ವಾ? ಕೈಕಾಲು ಮುರ್ಕೊಂಡ್ರೆ ಯಾರು ನೋಡೋರು? ದೂರ ಬುಟ್ಟು ಬಾ, ದಾರಿ ಗೊತ್ತಾಗ್ದಂಗೆ.”

ಬಿದ್ದದ್ದು ನಿಜ, ಮೊಣಕೈ ತರಚಿದ್ದೂ ನಿಜ. ಅದೇ ಕಾರಣವೆಂದು ಅವಳು ತನಗೂ ಹೇಳಿಕೊಂಡಿದ್ದಳು. ಚೀಲದ ಬಾಯಿ ಅಗಲಿಸಿ ಒಳಗೆ ರೊಟ್ಟಿ ಚೂರು ಹಾಕಿದಾಗ ನಾಯಿ ಬಾಲ ಆಡಿಸುತ್ತಲೇ ಒಳಗೆ ಹೋಯಿತು. ಹೆದರಿದ್ದರೆ, ಕಚ್ಚಲು ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಸಂಜೆಯವರೆಗೂ ಬೀದಿ ಬೀದಿ ಅಲೆದು ಬಂದ ನರಸಯ್ಯ ಊಟದ ತಟ್ಟೆಯ ಮುಂದೆ ಕೂತು ಉಣ್ಣಲಿಲ್ಲ. ಬಾಗಿಲು ತೆಗೆದಿತ್ತು, ಎತ್ತಲೋ ಹೋಗಿದೆ ಎಂದು ಅವಳು ಆಗಲೇ ಹೇಳಿದ್ದಳು. ಅವನು ಅದನ್ನು ನಂಬಿದ್ದ. ತಟ್ಟೆ ಸರಿಸಿ ಅವಳ ಕಡೆ ತಿರುಗಿದ.

“ನಾಳೆ ಬೆಳಿಗ್ಗೆ ನೀನೂ ಒಸಿ ಬತ್ತೀಯಾ ದಾಸಮ್ಮ? ಮೆಲ್ಲಗೆ ಹೋಗಣ. ಇಬ್ರೂ ಕೂಗಿದ್ರೆ ಬಂದೀತು.”

ಮದುವೆಯಾಗಿ ನಲವತ್ತು ವರ್ಷದಲ್ಲಿ ಅವನು ಜೊತೆಗೆ ನಡೆಯೋಣ ಬಾ ಎಂದು ಕರೆದದ್ದು ಅದೇ ಮೊದಲು. “ನನ್ ಮಂಡಿ ಆಗಾಕಿಲ್ಲ,” ಎಂದಳು ದಾಸಮ್ಮ. ಎರಡು ದಿನ ಕಳೆದರೆ ಮರೆಯುತ್ತಾನೆ ಎಂದುಕೊಂಡಿದ್ದಳು.

*

ಸ್ನಾನ ಮಾಡಿಸಿ, ಹೊಸ ಪಂಚೆ ಹೊದಿಸಿ, ಬೀದಿಯಲ್ಲಿ ಚಟ್ಟದ ಮೇಲೆ ಮಲಗಿಸಿದರು. ಸರಪಳಿಯನ್ನೂ ಜೊತೆಗೆ ಹಾಕಿಬಿಡಿ ಎಂದು ಯಾರೋ ಅಂದದ್ದಕ್ಕೆ ಅದನ್ನು ಕಾಲ ಬಳಿ ಇಟ್ಟರು. ನೆಂಟರು ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕಿದರು. ಲೈಟು ಕಂಬದ ಹತ್ತಿರ ಆಟೊ ನಿಲ್ಲಿಸಿಕೊಂಡು ಸಾಬೀರ ನೆಲ ನೋಡುತ್ತ ನಿಂತಿದ್ದ.

ಮುತ್ತುರಾಜು ಹಾಕಿದ ಅಕ್ಕಿ ಕೆನ್ನೆಯ ಮೇಲೆಲ್ಲ ಚೆಲ್ಲಿತು. “ತಪ್ಪಾಯ್ತು ಅಪ್ಪ. ಕರೆದಾಗ ಬರ್ಲಿಲ್ಲ. ನನ್ನಿಂದ್ಲೇ ಹೋದೆ ನೀನು,” ಎಂದು ಎಲ್ಲರ ಎದುರು ಬಿಕ್ಕಿದ. ಇಬ್ಬರು ಅವನನ್ನು ಹಿಡಿದು ಸರಿಸಬೇಕಾಯಿತು.

ಮಾರಕ್ಕ ದಾಸಮ್ಮನನ್ನು ತೋಳು ಹಿಡಿದು ಕರೆತಂದಳು. ದಾಸಮ್ಮ ಬಗ್ಗಿ ಮೂರು ಸಲ ಅಕ್ಕಿ ಹಾಕಿದಳು. ಏಳಲಿಲ್ಲ. ಗಂಡನ ಕಿವಿಯ ಹತ್ತಿರ ಮುಖ ತಂದಳು, ಆದರೆ ಮಾತು ಬೀದಿಗೆಲ್ಲ ಕೇಳಿಸಿತು.

“ಇಲ್ಲೆಲ್ಲೂ ಹುಡುಕಬ್ಯಾಡಿ ಕಣ್ರೀ. ಅದು ಊರಲ್ಲಿಲ್ಲ. ಸಾವನದುರ್ಗದ ಬೆಟ್ಟದ ತಾವ ಐತೆ. ನಾನೇ ಬುಡಿಸ್ದೆ.”

“ಸಂಕ್ಟಕ್ಕೆ ಏನೇನೋ ಆಡ್ತಾವ್ಳೆ,” ಎಂದು ಮಾರಕ್ಕ ಅವಳನ್ನು ಎಳೆದಳು.

“ಸಂಕ್ಟಕ್ಕಲ್ಲ. ಸಾಬೀರನ್ನ ಕೇಳಿ. ನನ್ ಮಗಂದು ಏನೂ ತಪ್ಪಿಲ್ಲ.”

ಎಲ್ಲರೂ ಕಂಬದ ಕಡೆ ತಿರುಗಿದರು. ಸಾಬೀರ ಮುಖ ಮುಚ್ಚಿಕೊಂಡ. ಮುತ್ತುರಾಜು ಅವ್ವನನ್ನೇ ನೋಡಿದ. ಬೈದಿದ್ದರೆ ಅವಳಿಗೆ ಬೇಕಿತ್ತು. ಅವನು ಬಗ್ಗಿ ಬಿದಿರಿಗೆ ಹೆಗಲು ಕೊಟ್ಟು, “ಎತ್ರಪ್ಪ, ಹೊತ್ತಾಯ್ತದೆ,” ಎಂದ.

*

ಗಂಡಸರು ಬೀದಿಯ ತಿರುವು ದಾಟಿದ ಮೇಲೆ ದಾಸಮ್ಮ ಕಂಬದ ಕಡೆ ನಡೆದಳು.

“ಗಾಡಿ ತೆಗಿ.”

“ಎಲ್ಲಿಗಮ್ಮ?”

“ಎಲ್ಲಿ ಬುಟ್ಟೆ, ಅಲ್ಲಿಗೆ.”

“ಇವತ್ತು ನೀನು ಹೊಸ್ಲು ದಾಟಂಗಿಲ್ಲ ಕಣೇ!” ಮಾರಕ್ಕ ಮನೆ ತೊಳೆಯುವ ನೀರಿನ ಬಿಂದಿಗೆ ಹಿಡಿದು ಕೂಗಿದಳು. “ಜನ ಏನಂದಾರು?” ಜನ ಅನ್ನುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ದಾಸಮ್ಮ ಆಟೊ ಹತ್ತಿದಳು.

ಆಟೊ ಮಾಗಡಿ ರಸ್ತೆ ಹಿಡಿಯಿತು. ಬೆಟ್ಟದ ಕೆಳಗೆ ದೇವಸ್ಥಾನದ ಹತ್ತಿರ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಸಾಬೀರ ಒಂದು ಹುಣಸೆಮರ ತೋರಿಸಿದ. ಅಲ್ಲಿ ಖಾಲಿ ಗೋಣಿಚೀಲ ಬಿದ್ದಿತ್ತು.

“ಅಮಲ್ದಾರಾ!” ದಾಸಮ್ಮ ಕೂಗಿದಳು. ಮತ್ತೆ ಕೂಗಿದಳು.

ಬಂಡೆಯ ನೆರಳಿನಿಂದ, ಅಂಗಡಿಗಳ ಹಿಂದಿನಿಂದ, ಲಂಟಾನದ ಪೊದೆಗಳಿಂದ ನಾಯಿಗಳು ಎದ್ದು ಬಂದವು. ಹತ್ತು, ಹನ್ನೆರಡು, ಇನ್ನೂ ಹೆಚ್ಚು. ಒಂದರ ಕುತ್ತಿಗೆಯಲ್ಲಿ ಸವೆದ ಬೆಲ್ಟು, ಇನ್ನೊಂದರಲ್ಲಿ ಕಪ್ಪು ದಾರ. ಕಂದು ಬಣ್ಣದ್ದು ಮೂರಿದ್ದವು. ಮೂರರ ಕಿವಿಗಳೂ ನೆಟ್ಟಗಿದ್ದವು.

“ಯಾವ್ದನ್ನ ಕರೀತಿದ್ದೀಯವ್ವಾ?” ಹಣ್ಣುಕಾಯಿ ಮಾರುತ್ತಿದ್ದ ಬೋರಮ್ಮ ಎಂಬ ಮುದುಕಿ ಕೇಳಿದಳು. “ಎಲ್ಲಾ ಹಿಂಗೆ ಬುಟ್ಟೋದವೇ. ಯಾರು ಕೂಗುದ್ರೂ ನಮ್ಮೋರೇ ಬಂದ್ರು ಅಂತ ಎದ್ದು ಬತ್ತವೆ.”

ದಾಸಮ್ಮ ಮಂಡಿಯ ನೋವು ಲೆಕ್ಕಿಸದೆ ಮಣ್ಣಿನಲ್ಲಿ ಕೂತಳು. ನಾಯಿಗಳು ಬಾಲ ಆಡಿಸುತ್ತ ಅವಳ ಸುತ್ತ ನೆರೆದವು. ಒಂದೊಂದಾಗಿ ಹತ್ತಿರ ಬಂದು ಅವಳ ಕೈ ಮೂಸಿ, ಮುಖ ನೋಡಿ, ಇವಳು ತನ್ನವಳಲ್ಲ ಎಂದು ತಿಳಿದ ಮೇಲೆ ಬಾಲ ಇಳಿಸಿಕೊಂಡು ತಂತಮ್ಮ ಜಾಗಕ್ಕೆ ಹೋಗಿ ಮಲಗಿದವು.